ವಿಮಾನ ಟಿಕೆಟ್ ಅಗ್ಗ, ದಿನ ಬದಲಿಸಿದರೆ ದುಬಾರಿ: ಈ ಲೆಕ್ಕ ಶುರುವಾಗಿದ್ದು ಹೇಗೆ?

2025ರ ಡಿಸೆಂಬರ್ ಮೊದಲ ವಾರ ನೆನಪಿದೆ ಅಲ್ವಾ? ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಇಂಡಿಗೋ ಸರಿಯಾಗಿ ತಯಾರಾಗಿರಲಿಲ್ಲ. ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಉಳಿದ ಕಂಪನಿಗಳ ದರ ಬಾಯಿಗೆ ಬಂದಂತೆ ಏರಿತು. ಕೊನೆಗೆ ಕೇಂದ್ರ ಸರ್ಕಾರವೇ ಮಿತಿ ಹಾಕಬೇಕಾಯಿತು: 500 ಕಿ.ಮೀ. ಒಳಗಿನ ಪ್ರಯಾಣಕ್ಕೆ 7,500 ರೂಪಾಯಿ, 1,000ದವರೆಗೆ 12,000, 1,500ರವರೆಗೆ 15,000, ಅದಕ್ಕೂ ದೂರ ಇದ್ದರೆ 18,000. ತೆರಿಗೆ, ಏರ್‌ಪೋರ್ಟ್ ಶುಲ್ಕ ಬೇರೆ.

ಸರ್ಕಾರ ದರಕ್ಕೆ ಕೈ ಹಾಕಿದ್ದು ಇದೇ ಮೊದಲಲ್ಲ. ಕೋವಿಡ್ ಲಾಕ್‌ಡೌನ್ ಮುಗಿದು 2020ರ ಮೇ 25ಕ್ಕೆ ವಿಮಾನಗಳು ಮತ್ತೆ ಹಾರಿದಾಗಲೂ ಕನಿಷ್ಠ, ಗರಿಷ್ಠ ಎರಡೂ ದರ ನಿಗದಿಯಾಗಿದ್ದವು. ಅದು ಪೂರ್ತಿ ಹೋಗಿದ್ದು 2022ರ ಆಗಸ್ಟ್ 31ಕ್ಕೆ.

ಇನ್ನೂ ಹಿಂದಕ್ಕೆ ಹೋದರೆ, 1953ರಲ್ಲಿ ಖಾಸಗಿ ಕಂಪನಿಗಳನ್ನೆಲ್ಲ ರಾಷ್ಟ್ರೀಕರಣ ಮಾಡಿದ ಮೇಲೆ ದೇಶದೊಳಗೆ ಹಾರಬೇಕು ಅಂದ್ರೆ ಹೆಚ್ಚುಕಮ್ಮಿ ಇಂಡಿಯನ್ ಏರ್‌ಲೈನ್ಸ್ ಒಂದೇ ಗತಿ. ದರ ಜಾಸ್ತಿ, ಆದರೆ ಇವತ್ತು ಒಂದು, ನಾಳೆ ಇನ್ನೊಂದು ಅಂತಿರಲಿಲ್ಲ. ಕಾಗದದ ಟಿಕೆಟ್ ಇಟ್ಟುಕೊಂಡು ಸೀಟಿದ್ದ ಇನ್ನೊಂದು ದಿನಕ್ಕೆ ಹೋಗಬಹುದಿತ್ತು. ದುಬಾರಿ ಟಿಕೆಟ್ ಒಳಗೇ ಆ ಸ್ವಾತಂತ್ರ್ಯದ ಬೆಲೆಯೂ ಸೇರಿತ್ತು. 1990ರ ದಶಕದ ಶುರುವಿನಲ್ಲಿ ಜೆಟ್ ಏರ್‌ವೇಸ್‌ನಂಥವರು ಬಂದರು, 1994ರಲ್ಲಿ ರಾಷ್ಟ್ರೀಕರಣದ ಆ ಹಳೇ ಕಾನೂನೂ ರದ್ದಾಯಿತು. ಪೈಪೋಟಿ ಬಂತು, ಆದರೆ ಮಧ್ಯಮ ವರ್ಗದವರಿಗೆ ವಿಮಾನ ಆಗಲೂ ದೂರದ ಮಾತೇ.

ನಿಜವಾದ ಬದಲಾವಣೆ ಶುರುವಾಗಿದ್ದು ಬೆಂಗಳೂರಿಂದ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಎಟಿಆರ್ ಅನ್ನುವ ಫ್ಯಾನಿನ ಸಣ್ಣ ವಿಮಾನಗಳು. ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ ಅವರ 'ಕಾಮನ್ ಮ್ಯಾನ್' ಆ ಕಂಪನಿಯ ಗುರುತು. ಒಂದು ರೂಪಾಯಿ ಟಿಕೆಟ್ ಅಂತ ಊರೆಲ್ಲ ಸುದ್ದಿ. ಅಂಥ ಸೀಟು ಇರುತ್ತಿದ್ದುದು ಬೆರಳೆಣಿಕೆಯಷ್ಟು, ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು, ಆದರೂ ಜನ ಮುಗಿಬಿದ್ದರು. ಊಟ ಇಲ್ಲ, ನೀರು ಬೇಕಾದರೆ ದುಡ್ಡು ಕೊಡಿ.

ನನಗೆ ಕಾಣುವುದು ಇಷ್ಟು: ಊಟ ಹೋಗಿದ್ದು ಎಲ್ಲರ ಕಣ್ಣಿಗೂ ಬಿತ್ತು, ಟಿಕೆಟ್ ಬದಲಿಸುವ ಅನುಕೂಲ ಹೋಗಿದ್ದು ಯಾರ ಗಮನಕ್ಕೂ ಬರಲಿಲ್ಲ. ಅಗ್ಗದ ಟಿಕೆಟ್ ನಿಂತಿರುವುದೇ ಅದರ ಮೇಲೆ. 186 ಸೀಟಿನ ಒಂದು ವಿಮಾನದಲ್ಲಿ ಎಲ್ಲ ಸೀಟಿಗೂ ಒಂದೇ ದರ ಇರುವುದಿಲ್ಲ. ಕಂಪನಿ ಅವನ್ನು ಹಲವು ಗುಂಪು ಮಾಡಿರುತ್ತದೆ, ಅಗ್ಗದ ಗುಂಪು ಖಾಲಿಯಾದರೆ ಮುಂದಿನದು ತೆರೆಯುತ್ತದೆ, ಹಬ್ಬದ ದಿನಕ್ಕಂತೂ ಅಗ್ಗದ ಗುಂಪಲ್ಲಿ ಸೀಟು ಇಡುವುದೇ ಕಮ್ಮಿ. ನೀವು 3,500ಕ್ಕೆ ತಗೊಂಡಿದ್ದೀರಿ, ಮರುದಿನಕ್ಕೆ ಬದಲಿಸಬೇಕು, ಆ ದಿನದ ದರ ಈಗ 8,000 ಅಂದುಕೊಳ್ಳಿ. ವ್ಯತ್ಯಾಸ 4,500, ಅದರ ಮೇಲೆ ಸಾವಿರಗಟ್ಟಲೆ ಬದಲಾವಣೆ ಶುಲ್ಕ. ಹೆಚ್ಚುಕಮ್ಮಿ ಹಳೇ ಟಿಕೆಟ್ ಬಿಟ್ಟು ಹೊಸದು ತಗೊಂಡಷ್ಟೇ ಆಯ್ತಲ್ಲ! ಕಂಪನಿಯವರ ವಾದವೂ ಪೂರ್ತಿ ಸುಳ್ಳಲ್ಲ. ಕೊನೇ ಗಳಿಗೆಯಲ್ಲಿ ಬಿಟ್ಟ ಸೀಟು ಖಾಲಿ ಹಾರಿದರೆ ಅದರ ದುಡ್ಡು ವಾಪಸ್ ಬರುವುದಿಲ್ಲ. ಆದರೆ ತಿಂಗಳ ಮೊದಲೇ ಬದಲಿಸಿದವರಿಗೂ ಸಾವಿರಗಟ್ಟಲೆ ಶುಲ್ಕ ಯಾಕೆ ಅನ್ನುವುದಕ್ಕೆ ಈ ವಾದ ಉತ್ತರ ಕೊಡುವುದಿಲ್ಲ.

ಯಾವ ಊರಿಗೆ ಯಾವ ವಿಮಾನ ಬರುತ್ತದೆ ಅನ್ನುವುದೂ ಇದೇ ದುಡ್ಡಿನ ಲೆಕ್ಕಕ್ಕೆ ಸೇರಿದ್ದು. 'ಎಟಿಆರ್ ಬೇಡಪ್ಪ, ಜಾಸ್ತಿ ಅಲ್ಲಾಡುತ್ತೆ, ಸದ್ದು ಬೇರೆ' ಅನ್ನುವವರು ಹುಬ್ಬಳ್ಳಿ, ಶಿವಮೊಗ್ಗ ಕಡೆ ತುಂಬಾ ಜನ. ಶಿವಮೊಗ್ಗದ ರನ್‌ವೇ 3,200 ಮೀಟರ್ ಉದ್ದ, ದೊಡ್ಡ ಜೆಟ್ಟೇ ಇಳಿಯಬಹುದು. ಆದರೂ 2023ರ ಆಗಸ್ಟ್ 31ಕ್ಕೆ ಬೆಂಗಳೂರಿಂದ ಅಲ್ಲಿಗೆ ಮೊದಲು ಬಂದಿದ್ದು ಎಟಿಆರ್. ಕಾರಣ ಸರಳ. ಚಿಕ್ಕ ದೂರಕ್ಕೆ ಅದು ಜೆಟ್‌ಗಿಂತ ಬಹಳ ಕಮ್ಮಿ ಇಂಧನ ಕುಡಿಯುತ್ತದೆ, ಮತ್ತೆ ನಮ್ಮಲ್ಲಿ ವಿಮಾನದ ಇಂಧನ ಜಿಎಸ್‌ಟಿಯಿಂದ ಹೊರಗಿದೆ, ಅದಕ್ಕೆ ರಾಜ್ಯಗಳ ವ್ಯಾಟ್ ತೆರಿಗೆ ಬಿದ್ದು ದುಬಾರಿಯಾಗುತ್ತದೆ. ಇನ್ನೊಂದು ಮಜಾ ಸಂಗತಿ: 80ಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕದ ವಿನಾಯಿತಿ ಬಹಳ ವರ್ಷಗಳಿಂದ ಇದೆ. ಇಂಡಿಗೋ ಎಟಿಆರ್‌ನಲ್ಲಿ ಸೀಟು ಎಷ್ಟು? 78. ಜೆಟ್ಟೇ ಬೇಕು ಅಂತ ಹಟ ಹಿಡಿದರೆ ಇಂಥ ಊರುಗಳಿಗೆ ವಾರಕ್ಕೆ ಎರಡೋ ಮೂರೋ ಸಲ ಬಂದೀತು, ದಿನಾ ಬರುವುದು ಕಷ್ಟ.

ಹಾಗಾದರೆ 2025ರ ಡಿಸೆಂಬರ್‌ನಲ್ಲಿ ದರ ಅಷ್ಟು ಏರಿದ್ದು ಯಾಕೆ? ಪೈಪೋಟಿ ಮಾಡುವ ಕಂಪನಿಗಳೇ ಕಮ್ಮಿಯಾದವು. ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಶರ್ ಜೊತೆ ಸೇರಿಹೋಯಿತು, ಕಿಂಗ್‌ಫಿಶರ್ 2012ರಲ್ಲಿ ನಿಂತಿತು, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇನಲ್ಲಿ ಗೋ ಫಸ್ಟ್. ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದೊಳಗೆ ಕರಗಿತು. ಈಗ ದೇಶೀಯ ಪ್ರಯಾಣಿಕರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹಾರುವುದು ಇಂಡಿಗೋ ಅಥವಾ ಏರ್ ಇಂಡಿಯಾ ಗುಂಪಿನ ವಿಮಾನದಲ್ಲೇ. ಹೀಗಿರುವಾಗ ಒಬ್ಬರು ಎಡವಿದರೆ ಏನಾಗುತ್ತದೆ ಅಂತ ಆ ಡಿಸೆಂಬರ್‌ನಲ್ಲಿ ಕಂಡೆವು. ಮಿತಿ ಹಾಕುವುದು ಆ ವಾರದ ಮಟ್ಟಿಗೆ ಸರಿಯೇ, ಆದರೆ ಅದರಿಂದ ಒಂದು ಸೀಟೂ ಹೊಸದಾಗಿ ಹುಟ್ಟುವುದಿಲ್ಲ.

ಪ್ರಯಾಣಿಕರ ಕೈಯಲ್ಲಿ ಏನೂ ಇಲ್ಲ ಅಂತಲ್ಲ. 2016ರಲ್ಲಿ ಡಿಜಿಸಿಎ, ಅಂದರೆ ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ, ಮಾಡಿದ ನಿಯಮದ ಪ್ರಕಾರ ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಸೇರಿದ ಮೊತ್ತವನ್ನು ದಾಟುವಂತಿಲ್ಲ. ನೀವು ವಿಮಾನ ಹತ್ತದೇ ಹೋದರೂ, ಟಿಕೆಟ್ 'ನಾನ್ ರಿಫಂಡಬಲ್' ಆಗಿದ್ದರೂ, ತೆರಿಗೆ ಮತ್ತು ಏರ್‌ಪೋರ್ಟ್ ಶುಲ್ಕ ವಾಪಸ್ ಕೊಡಲೇಬೇಕು. ಅಗ್ಗದ ಟಿಕೆಟ್‌ನಲ್ಲಿ ಇದು ಕೆಲವೊಮ್ಮೆ ಸಾವಿರ ರೂಪಾಯಿ ಹತ್ತಿರ ಆಗುತ್ತದೆ, ಆದರೆ ಕೇಳುವವರು ಕಮ್ಮಿ. ಕೇಳಿ.