ಹಳೆಯ ಪ್ರೈಮರಿ ಮತ್ತೆ ಎದ್ದಾಗ: ಪೋಸ್ಟ್‌ಗ್ರೆಸ್ ಸ್ಟ್ಯಾಂಡ್‌ಬೈ ಮರುಚಾಲನೆಯ ಹಿನ್ನೆಲೆ

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸ್ಟ್ಯಾಂಡ್‌ಬೈ ಸರ್ವರ್ (ಮುಖ್ಯ ಯಂತ್ರ ಕೆಟ್ಟಾಗ ಬಳಸಲು ಇಟ್ಟ ನಕಲು ಯಂತ್ರ) ಪ್ರೈಮರಿಗಿಂತ (ಬರವಣಿಗೆ ಸ್ವೀಕರಿಸುವ ಮುಖ್ಯ ಯಂತ್ರ) ಬಹಳ ಹಿಂದೆ ಬಿದ್ದಿತ್ತು. ಅದಕ್ಕೆ ಬೇಕಿದ್ದ, ಬದಲಾವಣೆಗಳನ್ನು ದಾಖಲಿಸುವ ಕಡತಗಳು ಪ್ರೈಮರಿಯಿಂದ ಆಗಲೇ ಅಳಿದಿದ್ದರಿಂದ ಸ್ಟ್ಯಾಂಡ್‌ಬೈಯನ್ನು ಹೊಸದಾಗಿ ಕಟ್ಟಬೇಕಾಯಿತು. ನಕಲು ಮಾಡುವ ಪಿಜಿ_ಬೇಸ್‌ಬ್ಯಾಕಪ್ ಯಾವ ಸಂದೇಶವನ್ನೂ ತೋರಿಸದೆ ಕಾಯುತ್ತಿತ್ತು. ಡೇಟಾ ಡೈರೆಕ್ಟರಿ ಖಾಲಿಯಿಲ್ಲದಿರುವುದೇ ಅಡ್ಡಿಯೆಂದು ಭಾವಿಸಿ ಅದನ್ನು ಅಳಿಸಲು ಕೊಟ್ಟ ಆಜ್ಞೆ ನಡೆದದ್ದು ಪ್ರೈಮರಿಯಲ್ಲಿ. ಒಂದೆರಡು ಸೆಕೆಂಡಿನಲ್ಲೇ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಕೊನೆಗೆ ಸುಮಾರು ಆರು ಗಂಟೆ ಹಿಂದಿನ ಸ್ನ್ಯಾಪ್‌ಶಾಟ್‌ನಿಂದ, ಅಂದರೆ ಆ ಕ್ಷಣದ ನಕಲಿನಿಂದ, ಡೇಟಾಬೇಸನ್ನು ಮರಳಿ ಪಡೆಯಲಾಯಿತು. ಆ ನಡುವೆ ಬರೆದದ್ದೆಲ್ಲ ಹೋಯಿತು.

ಇದನ್ನು ಒಬ್ಬ ಎಂಜಿನಿಯರ್‌ನ ಕೈತಪ್ಪೆಂದು ಬದಿಗಿಡುವುದು ನ್ಯಾಯವಲ್ಲ. ಸ್ಟ್ಯಾಂಡ್‌ಬೈಯನ್ನು ಮತ್ತೆ ಸಾಲಿಗೆ ತರುವ ಕೆಲಸ ಇಷ್ಟು ಅಪಾಯಕರವಾಗಿರುವುದಕ್ಕೆ ದೀರ್ಘ ಹಿನ್ನೆಲೆಯಿದೆ.

ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಎಂಬ ಕಡತಗಳಲ್ಲಿ, ಅಂಗಡಿಯ ದಿನವಹಿಯಂತೆ, ಕ್ರಮವಾಗಿ ಬರೆದಿಡುತ್ತದೆ. ಹಳೆಯ ಬ್ಯಾಕಪ್‌ನ ಮೇಲೆ ವಾಲ್ ಅನ್ನು ಮರುನಡೆಸಿ ಬೇಕಾದ ಕ್ಷಣದವರೆಗೆ ಡೇಟಾಬೇಸನ್ನು ತರುವ ಸೌಲಭ್ಯ 2005ರ ಜನವರಿಯಲ್ಲಿ, 8.0 ಆವೃತ್ತಿಯೊಂದಿಗೆ ಬಂತು. ಹಾಗೆ ತಂದ ಡೇಟಾಬೇಸ್ ಮತ್ತೆ ಬರೆಯಲು ತೊಡಗಿದರೆ ಹೊಸ ವಾಲ್ ಹಳೆಯದರ ಹೆಸರಿನಲ್ಲೇ ಕುಳಿತು ಅದನ್ನು ಅಳಿಸಿಬಿಡಬಹುದು. ಇದನ್ನು ತಡೆಯಲೆಂದೇ ಅದೇ ಆವೃತ್ತಿಯಲ್ಲಿ ಟೈಮ್‌ಲೈನ್ ಎಂಬ ಏರ್ಪಾಡು ಹುಟ್ಟಿತು. ವಾಲ್ ಕಡತದ ಹೆಸರಿನ 24 ಅಂಕಿಗಳಲ್ಲಿ ಮೊದಲ ಎಂಟು ಟೈಮ್‌ಲೈನ್‌ನ ಸಂಖ್ಯೆ. ಹೀಗೆ ಮರುನಡೆಸುವ ರಿಕವರಿ ಮುಗಿದು ಸರ್ವರ್ ಬರೆಯಲು ತೊಡಗಿದಾಗ 00000001 ಇದ್ದದ್ದು 00000002 ಆಗುತ್ತದೆ. ಜೊತೆಗೆ ಹುಟ್ಟುವ ‘ಹಿಸ್ಟರಿ’ ಕಡತದಲ್ಲಿ ಹೊಸ ಕವಲು ಯಾವ ಟೈಮ್‌ಲೈನ್‌ನಿಂದ, ಯಾವ ಬಿಂದುವಿನಲ್ಲಿ ಒಡೆಯಿತೆಂಬುದು ದಾಖಲಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಸುರಕ್ಷಿತ ಮರುಚಾಲನೆಯ ಬಗ್ಗೆ ಮುಂದೆ ಆದದ್ದೆಲ್ಲ ಈ ಪುಟ್ಟ ಕಡತದ ಮೇಲೆ ನಿಂತಿದೆ ಎನ್ನಬಹುದು.

2010ರ 9.0 ಆವೃತ್ತಿಯಲ್ಲಿ ಸ್ಟ್ರೀಮಿಂಗ್ ರೆಪ್ಲಿಕೇಶನ್ (ವಾಲ್ ಅನ್ನು ಬರೆದಂತೆಲ್ಲ ಸ್ಟ್ಯಾಂಡ್‌ಬೈಗೆ ಹರಿಸುವ ವಿಧಾನ) ಬಂದ ಮೇಲೆ ಸ್ಟ್ಯಾಂಡ್‌ಬೈ ಇಡುವುದು ಸುಲಭವಾಯಿತು, ಪ್ರೈಮರಿ ಕೆಟ್ಟರೆ ಅದನ್ನೇ ಮೇಲಕ್ಕೇರಿಸುವುದೂ ಸುಲಭವಾಯಿತು. ಕಷ್ಟ ಶುರುವಾಗುವುದು ಕೆಟ್ಟ ಯಂತ್ರ ಸರಿಹೋದ ಬಳಿಕ. ರೆಪ್ಲಿಕೇಶನ್ ಅಸಿಂಕ್ರೊನಸ್ ಆಗಿದ್ದಲ್ಲಿ, ಅಂದರೆ ಸ್ಟ್ಯಾಂಡ್‌ಬೈಗೆ ತಲುಪುವುದನ್ನು ಕಾಯದಿದ್ದಲ್ಲಿ, ಸಾಯುವ ಮುನ್ನ ಹಳೆಯ ಪ್ರೈಮರಿ ಒಪ್ಪಿಕೊಂಡ ಕೊನೆಯ ಕೆಲವು ವಹಿವಾಟುಗಳು ಸ್ಟ್ಯಾಂಡ್‌ಬೈಗೆ ತಲುಪಿಯೇ ಇಲ್ಲದಿರಬಹುದು. ಹಾಗಾದರೆ ಹಳೆಯ ಯಂತ್ರ ಕವಲೊಡೆದ ಬಿಂದುವನ್ನು ದಾಟಿ ಮುಂದೆ ಹೋಗಿರುತ್ತದೆ. ಅದನ್ನು ಹಾಗೆಯೇ ಚಾಲೂ ಮಾಡಿದರೆ ತಾನಿನ್ನೂ ಪ್ರೈಮರಿ ಎಂದೇ ತಿಳಿದು ಬರವಣಿಗೆ ಸ್ವೀಕರಿಸುತ್ತದೆ. ಸ್ಟ್ಯಾಂಡ್‌ಬೈಯಾಗಿ ಜೋಡಿಸಿದರೆ, ಹೊಸ ಟೈಮ್‌ಲೈನ್ ತನ್ನ ಈಗಿನ ಬಿಂದುವಿಗಿಂತ ಮೊದಲೇ ಕವಲೊಡೆದಿದೆ ಎಂದು ಲಾಗ್‌ನಲ್ಲಿ ಬರೆದು ಮುಂದಕ್ಕೆ ಹೋಗಲಾರದೆ ನಿಲ್ಲುತ್ತದೆ. ಆಗಿದ್ದ ಸುರಕ್ಷಿತ ದಾರಿಯೆಂದರೆ ಇಡೀ ಡೇಟಾಬೇಸನ್ನು ಹೊಸದಾಗಿ ನಕಲಿಸುವುದು. ದೊಡ್ಡ ಡೇಟಾಬೇಸ್ ಆದರೆ ಇದಕ್ಕೆ ಗಂಟೆಗಟ್ಟಲೆ ಸಮಯ ಬೇಕು, ಅಷ್ಟು ಹೊತ್ತೂ ಒಂದೇ ಪ್ರತಿಯ ಮೇಲೆ ಎಲ್ಲವೂ ನಿಂತಿರುತ್ತದೆ. ಅಡ್ಡದಾರಿ ಹಿಡಿಯುವ ಆಸೆ ಹುಟ್ಟುವುದು ಆಗಲೇ.

ಸ್ಟ್ಯಾಂಡ್‌ಬೈ ದೋಷವಿಲ್ಲದೆ ಎದ್ದಿತೆಂಬುದು ಸಾಕ್ಷ್ಯವಾಗದು ಎಂಬುದನ್ನು 2013ರ ನವೆಂಬರ್ ತೋರಿಸಿತು. 9.3.1, 9.2.5, 9.1.10 ಮತ್ತು 9.0.14 ಆವೃತ್ತಿಗಳಲ್ಲಿ ಸ್ಟ್ಯಾಂಡ್‌ಬೈ ಚಾಲೂ ಆಗುವಾಗ, ಕಮಿಟ್ ಆಗಿದ್ದ (ಪೂರ್ಣಗೊಂಡು ಖಚಿತವಾದ) ವಹಿವಾಟುಗಳು ಆಗಿಲ್ಲವೆಂದು ಗುರುತಾಗುವ ಸಾಧ್ಯತೆಯಿತ್ತು. ಡಿಸೆಂಬರ್ 5ರಂದು ತಿದ್ದುಪಡಿ ಬಂತು. ಆದರೆ ಕೆಟ್ಟಿರಬಹುದಾದ ಸ್ಟ್ಯಾಂಡ್‌ಬೈಗಳನ್ನು ಹೊಸ ಬೇಸ್ ಬ್ಯಾಕಪ್‌ನಿಂದ (ಇಡೀ ಡೇಟಾಬೇಸಿನ ನಕಲಿನಿಂದ) ಮತ್ತೆ ಕಟ್ಟದೆ ಬೇರೆ ದಾರಿಯಿರಲಿಲ್ಲ.

2016ರ ಜನವರಿಯ 9.5 ಆವೃತ್ತಿಯೊಂದಿಗೆ ಪಿಜಿ_ರಿವೈಂಡ್ ಬಂತು. ಇದು ಹಿಸ್ಟರಿ ಕಡತಗಳನ್ನು ಹೋಲಿಸಿ ಕವಲೊಡೆದ ಬಿಂದುವನ್ನು ಹುಡುಕಿ, ಆಮೇಲೆ ಹಳೆಯ ಯಂತ್ರದ ಡೇಟಾ ಕಡತಗಳಲ್ಲಿ ಬದಲಾದ ಬ್ಲಾಕ್‌ಗಳನ್ನಷ್ಟೇ (ತುಣುಕುಗಳನ್ನಷ್ಟೇ) ಹೊಸ ಪ್ರೈಮರಿಯಿಂದ ತಂದು ಹಾಕುತ್ತದೆ. ಆದರೆ ಡೇಟಾ ಚೆಕ್‌ಸಮ್ ಅಥವಾ ವಾಲ್_ಲಾಗ್_ಹಿಂಟ್ಸ್ ಎಂಬ ಸೆಟ್ಟಿಂಗ್ ಮೊದಲೇ ಚಾಲ್ತಿಯಲ್ಲಿರಬೇಕು, ಅವಘಡವಾದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ರಿವೈಂಡ್ ನಡುವೆ ಕೈಕೊಟ್ಟರೆ ಆ ಡೈರೆಕ್ಟರಿಯನ್ನು ನಂಬದೆ ಹೊಸ ನಕಲು ತೆಗೆಯಬೇಕು. ಹಳೆಯ ಯಂತ್ರದಲ್ಲಷ್ಟೇ ಇದ್ದ ವಹಿವಾಟುಗಳು ರಿವೈಂಡ್‌ನೊಂದಿಗೆ ಅಳಿಯುತ್ತವೆ, ಆದ್ದರಿಂದ ಅದನ್ನು ನಡೆಸುವ ಮುನ್ನ ಡೈರೆಕ್ಟರಿಯ ಪ್ರತಿಯೊಂದನ್ನು ತೆಗೆದಿಡುವುದು ಅಗತ್ಯವೆಂದು ನಾನು ದೃಢವಾಗಿ ಹೇಳುತ್ತೇನೆ.

2019ರ 12ನೇ ಆವೃತ್ತಿ ರಿಕವರಿಯ ಸೆಟ್ಟಿಂಗ್‌ಗಳಿದ್ದ ರಿಕವರಿ.ಕಾನ್ಫ್ ಕಡತವನ್ನು ಕೈಬಿಟ್ಟಿತು. ಅದು ಡೈರೆಕ್ಟರಿಯಲ್ಲಿ ಉಳಿದಿದ್ದರೆ ಸರ್ವರ್ ಏಳುವುದೇ ಇಲ್ಲ. ಈಗ ಸ್ಟ್ಯಾಂಡ್‌ಬೈ.ಸಿಗ್ನಲ್ ಎಂಬ ಖಾಲಿ ಕಡತ ಸರ್ವರ್‌ನ ಪಾತ್ರವನ್ನು ನಿರ್ಧರಿಸುತ್ತದೆ, ಸರ್ವರ್ ಚಾಲೂ ಮಾಡುವ ಮುನ್ನವೇ ಅದು ಅಲ್ಲಿರಬೇಕು. ಬ್ಯಾಕಪ್‌ನೊಂದಿಗೆ ಬರುವ ಬ್ಯಾಕಪ್_ಲೇಬಲ್ ಕಡತದ ವಿಷಯ ಇನ್ನೂ ಸೂಕ್ಷ್ಮವಾದದ್ದು. ವಾಲ್ ಅನ್ನು ಎಲ್ಲಿಂದ ಮರುನಡೆಸಬೇಕೆಂದು ಹೇಳುವುದೇ ಅದು. ಬ್ಯಾಕಪ್‌ನಿಂದ ಮರಳಿ ಪಡೆಯುತ್ತಿರುವಾಗ ಅದನ್ನು ತೆಗೆದರೆ ಸರ್ವರ್ ಸಲೀಸಾಗಿ ಎದ್ದು ನಿಲ್ಲಬಹುದು, ಒಳಗಿನ ಡೇಟಾ ಮಾತ್ರ ಕೆಟ್ಟಿರುತ್ತದೆ. ದೋಷ ಸಂದೇಶದ ಹಳೆಯ ಸುಳಿವು ಇದನ್ನು ತೆಗೆದುನೋಡಿ ಎನ್ನುವಂತಿತ್ತು; ನಂತರದ ಆವೃತ್ತಿಗಳು ಅಲ್ಲೇ ಎಚ್ಚರಿಕೆಯನ್ನೂ ಸೇರಿಸಿವೆ.

ಸರ್ವರ್ ಎದ್ದ ಬಳಿಕ ಪಿಜಿ_ಈಸ್_ಇನ್_ರಿಕವರಿ ಎಂಬ ಫಂಕ್ಷನ್ ‘ನಿಜ’ ಎನ್ನಬೇಕು, ಪಿಜಿ_ಸ್ಟ್ಯಾಟ್_ವಾಲ್_ರಿಸೀವರ್ ಎಂಬ ಸ್ಥಿತಿಪಟ್ಟಿ ತೋರಿಸುವ ಟೈಮ್‌ಲೈನ್ ಹೊಸ ಪ್ರೈಮರಿಯದೇ ಆಗಿರಬೇಕು, ಪ್ರೈಮರಿಯ ಕಡೆಯಿಂದ ನೋಡಿದಾಗ ಮರುನಡೆಸಿದ ಬಿಂದು ಮುಂದೆ ಸರಿಯುತ್ತಿರಬೇಕು. ಈ ಮೂರನ್ನೂ ಕಂಡ ನಂತರವೇ ಆ ಸರ್ವರ್‌ಗೆ ಓದುವ ಕ್ವೆರಿಗಳನ್ನು ಕಳುಹಿಸಬೇಕು.