ಬಾವಲಿಯ ಮೈಮೇಲಿನ ‘ಜೇಡ’ದ ಕಥೆ

ಕರೆಂಟ್ ತಂತಿಗೆ ಸಿಕ್ಕಿ ಸತ್ತ ತೊಗಲುಬಾವಲಿ ರಸ್ತೆ ಬದಿಯಲ್ಲಿ ಬಿದ್ದಿರುವುದು ನಮ್ಮೂರುಗಳಲ್ಲಿ ಹೊಸದೇನಲ್ಲ. ಮುಟ್ಟದೆ, ಸ್ವಲ್ಪ ಬಗ್ಗಿ ನೋಡಿ. ಕುತ್ತಿಗೆಯ ಕೆಂಗೂದಲ ನಡುವೆ ಕಂದು ಜೇಡದಂಥದ್ದೊಂದು ಸರಕ್ಕನೆ ಅಡ್ಡಕ್ಕೆ ಓಡಿ ಮರೆಯಾಗಬಹುದು. ಕಾಲು ಎಣಿಸಲು ಪುರುಸೊತ್ತು ಕೊಟ್ಟರೆ ಸಿಗುವುದು ಆರೇ. ಜೇಡಕ್ಕೆ ಎಂಟು. ಇದು ನೊಣ, ರೆಕ್ಕೆಯೇ ಇಲ್ಲದ ನೊಣ.

ಹಳಬರು ಇದನ್ನು ಹೇನುಗಳ ಸಾಲಿಗೆ ಸೇರಿಸಿದ್ದರು. ಅವರನ್ನು ದೂರುವಂತಿಲ್ಲ. ಸುಮ್ಮನಿದ್ದಾಗ ಇದರ ತಲೆಯೇ ಕಾಣುವುದಿಲ್ಲ, ಬೆನ್ನಿನ ಗುಳಿಯೊಳಗೆ ಹಿಂದಕ್ಕೆ ಮಡಚಿಟ್ಟಿರುತ್ತದೆ. ರಕ್ತ ಹೀರುವಾಗ ಮಾತ್ರ ಅದನ್ನು ಮುಂದಕ್ಕೆ ಚಾಚುತ್ತದೆ. ಗುಟ್ಟು ಬಿಟ್ಟುಕೊಡುವುದು ಗುಂಡುಸೂಜಿಯಂಥ ಎರಡು ಪುಟ್ಟ ಅಂಗಗಳು. ಹಾರುವ ನೊಣಗಳಿಗೆ ಸಮತೋಲ ಕಾಯಲು ಬೇಕಾದ ಅವು, ರೆಕ್ಕೆ ಹೋದ ಮೇಲೂ ಇಲ್ಲಿ ಉಳಿದುಕೊಂಡಿವೆ.

1796ರಲ್ಲಿ ಫ್ರಾನ್ಸಿನ ಕೀಟತಜ್ಞ ಲಾತ್ರೇಯ್ ಈ ಬಗೆಯ ನೊಣಕ್ಕೆ ‘ನಿಕ್ಟೆರಿಬಿಯ’ ಎಂಬ ಹೆಸರಿಟ್ಟ. ಬಾವಲಿಯ ಮೇಲೆ ಬದುಕುವುದು ಎಂದರ್ಥ. ನಮ್ಮ ತೊಗಲುಬಾವಲಿಯ ನೊಣದ ಹೆಸರಿನಲ್ಲಂತೂ ದಖನ್ನಿನ ವಾಸನೆಯೇ ಇದೆ. ‘ಸೈಕ್ಲೊಪೋಡಿಯ ಸೈಕ್ಸಿ’ ಎಂಬ ಹೆಸರಿನೊಳಗೆ ಕೂತಿರುವ ಸೈಕ್ಸ್, ದಖನ್ನಿನಲ್ಲಿ ಹಕ್ಕಿ, ಪ್ರಾಣಿ, ಹುಳಗಳನ್ನು ಸಂಗ್ರಹಿಸಿದ ಬ್ರಿಟಿಷ್ ಸೇನಾಧಿಕಾರಿ. ಇಂಗ್ಲೆಂಡಿನ ಕೀಟತಜ್ಞ ವೆಸ್ಟ್‌ವುಡ್ ಅದನ್ನು ವರ್ಣಿಸಿದ್ದು 1830ರ ದಶಕದಲ್ಲಿ. ಅಲ್ಲಿಂದ ಮುಂದೆ ಬಹುಕಾಲ ಇದು ಮ್ಯೂಸಿಯಂ ಶೀಶೆಯೊಳಗಿನ ವಿಷಯವಾಗಿಯೇ ಉಳಿಯಿತು.

ಅಲ್ಲಿ ಕೊಳೆಯುವಂಥ ಜೀವನವಂತೂ ಇದರದ್ದಲ್ಲ. ಈ ನೊಣ ಮೊಟ್ಟೆ ಇಡುವುದೇ ಇಲ್ಲ! ಒಂದು ಸಲಕ್ಕೆ ಒಂದೇ ಮರಿಹುಳವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಹಾಲಿನಂಥ ದ್ರವ ಉಣಿಸಿ ಬೆಳೆಸುತ್ತದೆ. ತಿಂಗಳು ತುಂಬಿದ ಬಸುರಿಯಂತೆ ಬಾವಲಿಯ ಮೈಯಿಂದ ಇಳಿದು, ಗುಹೆಯ ಗೋಡೆಗೋ ಮರದ ತೊಗಟೆಗೋ ಮರಿಯನ್ನು ಅಂಟಿಸಿ, ಮತ್ತೆ ಬಾವಲಿಯನ್ನು ಹತ್ತುತ್ತದೆ. ಅಂಟಿಸಿದ ಮರಿ ಅಲ್ಲೇ ಗಟ್ಟಿ ಕೋಶವಾಗುತ್ತದೆ. ದನ, ನಾಯಿಗಳ ಮೈಮೇಲೆ ಹರಿದಾಡುವ, ಹಿಸುಕಿದರೂ ಸಾಯದ ಚಪ್ಪಟೆ ನೊಣ ಗೊತ್ತಲ್ಲ, ಅದೂ ಇದೇ ಬಳಗದ್ದು. ಆಫ್ರಿಕಾದ ತ್ಸೆತ್ಸೆ ನೊಣವೂ ಅಷ್ಟೇ.

ಶೀಶೆಯಿಂದ ಅದನ್ನು ಹೊರತೆಗೆಸಿದ್ದು ರೋಗದ ಭಯ. ಬಾವಲಿಯಿಂದ ವೈರಸ್ ಬರುತ್ತದೆ ಎಂಬುದು ಗೊತ್ತಾದ ಮೇಲೆ ಅದರ ಮೈಮೇಲಿನದ್ದನ್ನೂ ಕೆದಕಲಾಯಿತು. ಸಿಕ್ಕಿದ್ದರಲ್ಲಿ ಮುಖ್ಯವಾದದ್ದು ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಹೇನಿನಿಂದ ಹಬ್ಬಿ ಸೈನಿಕರನ್ನು ಮಲಗಿಸಿದ ಜ್ವರದ್ದೂ ಇದೇ ಕುಲ.

ನೊಣವೇ ಇದನ್ನು ಹರಡುತ್ತದೆಯೇ? ಘಾನಾದ ಅಕ್ರಾದಲ್ಲಿ 2009ರಲ್ಲಿ ಹಣ್ಣುಬಾವಲಿಗಳನ್ನು ದೊಡ್ಡ ಪಂಜರದಲ್ಲಿ ಸಾಕತೊಡಗಿದರು. ಕ್ರಮೇಣ ನೊಣಗಳು ಇಲ್ಲವಾದವು, ಸೋಂಕೂ ಇಳಿಯಿತು. ಆಮೇಲೆ ನೊಣಗಳನ್ನು ತಂದು ಬಿಟ್ಟರು, ಸೋಂಕು ಮತ್ತೆ ಏರಿತು. ನನ್ನ ಮಟ್ಟಿಗೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಡ.

ಮನುಷ್ಯರ ವಿಷಯ ಅಷ್ಟು ನೇರವಲ್ಲ. ನೈಋತ್ಯ ನೈಜೀರಿಯಾದಲ್ಲಿ ಹಬ್ಬದ ದಿನ ಗುಹೆಗೆ ನುಗ್ಗಿ ಬಾವಲಿ ಹಿಡಿದು ತಿನ್ನುವ ಪದ್ಧತಿಯಿದೆ. ಆ ಗುಹೆಗಳ ಬಾವಲಿ, ನೊಣಗಳೆರಡರಲ್ಲೂ ಬಾರ್ಟೊನೆಲ್ಲಾದ ಹೊಸ ಪ್ರಭೇದವೊಂದು ಕಂಡಿತು. ಸುತ್ತಲಿನ 204 ಜನರ ರಕ್ತ ಪರೀಕ್ಷಿಸಿದಾಗ 8 ಮಂದಿಯಲ್ಲಿ ಅದರ ವಿರುದ್ಧದ ಪ್ರತಿಕಾಯಗಳಿದ್ದವು, ಅಂದರೆ ಅದು ಎಂದೋ ಮೈ ಹೊಕ್ಕಿದ್ದರ ಗುರುತು. ಆದರೆ ನೊಣ ಮನುಷ್ಯರನ್ನು ಅರಸಿ ಬರಲಿಲ್ಲ, ಮನುಷ್ಯರೇ ಗುಹೆಗೆ ಹೋದರು. ಬಾವಲಿ ಬಿಟ್ಟರೆ ಅದಕ್ಕೆ ಬದುಕಿಲ್ಲ.

2018ರಲ್ಲಿ ಕೋಳಿಕ್ಕೋಡ್‌ನಲ್ಲಿ ನಿಪಾ ಬಂದಾಗ ನಮ್ಮಲ್ಲೂ ಬಾವಲಿಯೆಂದರೆ ದಿಗಿಲು. ನಿಪಾ ದಾಟಿ ಬರುವ ದಾರಿ ಬಾವಲಿಯ ಎಂಜಲು, ಉಚ್ಚೆ. ಬಾಂಗ್ಲಾದೇಶದಲ್ಲಿ ಅವು ಬಿದ್ದ ಹಸಿ ಈಚಲು ರಸ. ಆಗಿನ್ನೂ ಹಣ್ಣುಬಾವಲಿ 1972ರ ವನ್ಯಜೀವಿ ಕಾಯ್ದೆಯ ಐದನೇ ಪರಿಚ್ಛೇದದಲ್ಲಿ ಕಾಗೆ, ಇಲಿಗಳ ಜೊತೆ ಉಪದ್ರವಿಯಾಗಿ ಕೂತಿತ್ತು. ಆ ಪಟ್ಟಿ ತೊಲಗಿದ್ದು 2022ರ ತಿದ್ದುಪಡಿಯಲ್ಲಿ.

ಪಟಾಕಿ ಹೊಡೆದು ಬಾವಲಿ ಓಡಿಸಿದರೆ ಮೈಮೇಲಿನ ನೊಣವೂ ಅದರ ಜೊತೆಗೇ ಹೋಗುತ್ತದೆ. ತೊಗಟೆಗೆ ಅಂಟಿದ ಕೋಶಗಳು ಮಾತ್ರ ಅಲ್ಲೇ ಉಳಿಯುತ್ತವೆ. ವಾರಗಳ ನಂತರ ಒಡೆದು ಹೊರಬಂದ ಹೊಸ ನೊಣಗಳು ಖಾಲಿ ಕೊಂಬೆಯ ಮೇಲೆ ಬಿಸಿ ಮೈ ಹುಡುಕುತ್ತಾ ಅಲೆಯುತ್ತವೆ.