ಶಿಕ್ಷಕಿ ತೋಟಗಾರಳಾದರೆ, ಸೋಮವಾರದ ಕ್ಲಾಸಿನಲ್ಲಿ ಏನು ಮಾಡಬೇಕು?

ಪ್ರಶ್ನೆ: ಈ ವರ್ಷ ಶಿರಸಿ ಹತ್ತಿರದ ಶಾಲೆಗೆ ಹೊಸದಾಗಿ ಸೇರಿದ್ದೇನೆ. ತರಬೇತಿಯಲ್ಲಿ ‘ಶಿಕ್ಷಕರು ಯಾರ ಹಾಗೆ?’ ಎಂದು ಕೇಳಿದರು. ತೋಟಗಾರರ ಹಾಗೆ ಎಂದೆ. ಚಪ್ಪಾಳೆ ಬಿತ್ತು. ಆದರೆ ಕ್ಲಾಸಿನಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ. ಇಂಥ ಹೋಲಿಕೆಗಳಿಂದ ಪಾಠಕ್ಕೆ ನಿಜಕ್ಕೂ ಪ್ರಯೋಜನ ಇದೆಯಾ?

ಉತ್ತರ: ಇದೆ. ಆದರೆ ತರಬೇತಿಯಲ್ಲಿ ಆರಿಸಿ ಹೇಳಿದ ಹೋಲಿಕೆಗಿಂತ, ನಮಗೇ ಗೊತ್ತಿಲ್ಲದೆ ಬಾಯಿಗೆ ಬರುವ ಹೋಲಿಕೆಯನ್ನು ಮೊದಲು ಹಿಡಿಯಿರಿ. ‘ಅವನ ತಲೆಗೆ ಹೋಗೋದೇ ಇಲ್ಲ.’ ‘ಎಷ್ಟು ತುಂಬಿದರೂ ನಿಲ್ಲಲ್ಲ.’ ದಿನಾ ಹೇಳುತ್ತೇವೆ ಅಲ್ವಾ? ಅಲ್ಲಿ ಮಗು ಕೊಡಪಾನ, ಪಾಠ ನೀರು. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಇಂಥ ಪಾಠವನ್ನು ಬ್ಯಾಂಕಿನ ಖಾತೆಗೆ ಹಣ ಕಟ್ಟುವುದಕ್ಕೆ ಹೋಲಿಸಿದ್ದರು.

ನಾನೂ ವರ್ಷಗಟ್ಟಲೆ ತುಂಬಿದವಳೇ. ಐದನೇ ಕ್ಲಾಸಿನ ಹುಡುಗಿಯೊಬ್ಬಳು 1/3ಕ್ಕಿಂತ 1/4 ದೊಡ್ಡದು ಎಂದಳು. ಅದೇ ಪಾಠವನ್ನು ಮೂರು ಸಲ ಹೇಳಿದೆ, ಪ್ರತಿ ಸಲ ದನಿ ಏರಿಸಿ. ತುಂಬುವವರಿಗೆ ತೋಚುವುದು ಇನ್ನಷ್ಟು ಹೊಯ್ಯುವುದು ಮಾತ್ರ. ಕೊನೆಗೆ ಯಾಕೆ ಹಾಗಂದೆ ಎಂದು ಕೇಳಿದೆ. ‘ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಅಕ್ಕೋರೇ?’ ಎಂದಳು. ಕೊಡಪಾನ ಖಾಲಿ ಇರಲೇ ಇಲ್ಲ. ಅದರಲ್ಲಿ ಅವಳದೇ ಒಂದು ಲೆಕ್ಕ ಇತ್ತು.

ಈಗ ನಿಮ್ಮ ತೋಟಕ್ಕೆ ಬರೋಣ. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1840ರಲ್ಲಿ ತಮ್ಮ ಶಾಲೆಗೆ ‘ಮಕ್ಕಳ ತೋಟ’ ಎಂಬ ಅರ್ಥದ ಹೆಸರಿಟ್ಟರು. ಕಿಂಡರ್‌ಗಾರ್ಟನ್ ಬಂದದ್ದು ಅಲ್ಲಿಂದ. ಒಳ್ಳೆಯ ಹೋಲಿಕೆ. ಆದರೆ ಸುಮ್ನೆ ‘ತೋಟ’ ಎಂದರೆ ಕೈಗೆ ಕೆಲಸ ಸಿಗುವುದಿಲ್ಲ. ತೋಟದ ಯಾವ ಕೆಲಸ ಎಂದು ಕೇಳಿಕೊಳ್ಳಿ. ನಮ್ಮ ಕಡೆ ಕಾಳುಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಹಬ್ಬಿಸುತ್ತಾರಲ್ಲ, ಅದನ್ನೇ ನೋಡಿ. ಎಳೆ ಬಳ್ಳಿಯನ್ನು ಮೊದಲು ಮರಕ್ಕೆ ಕಟ್ಟಬೇಕು. ಗೆಣ್ಣಿನಲ್ಲಿ ಬೇರು ಬಂದು ಮರ ಹಿಡಿದ ಮೇಲೆ ಅಲ್ಲಿ ಕಟ್ಟು ಬೇಡ. ಬಳ್ಳಿ ಏರಿದ ಹಾಗೆ ಎಳೆ ತುದಿಗೆ ಮತ್ತೆ ಕಟ್ಟಬೇಕು. ಇದನ್ನು ಕ್ಲಾಸಿಗೆ ತಂದರೆ ಪ್ರಶ್ನೆಗಳು ತಾವಾಗೇ ಬರುತ್ತವೆ. ಈ ಮಗು ಎಲ್ಲಿ ಹಿಡಿದುಕೊಂಡಿದೆ? ಎಲ್ಲಿ ಇನ್ನೂ ಜೋಲುತ್ತಿದೆ? ಯಾವ ಕಟ್ಟನ್ನು ನಾನು ಬಿಚ್ಚಲು ಮರೆತಿದ್ದೇನೆ?

1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಎಂಬ ಮೂವರು ಸಂಶೋಧಕರು ಹೆಚ್ಚುಕಡಿಮೆ ಇದನ್ನೇ ಹೇಳಿದರು. ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವಾಗ ದೊಡ್ಡವರು ಹೇಗೆ ನೆರವಾಗುತ್ತಾರೆ ಎಂದು ನೋಡಿದರು. ಆ ನೆರವನ್ನು ಮನೆ ಕಟ್ಟುವಾಗ ಹಾಕುವ ಸಾರವೆಗೆ ಹೋಲಿಸಿದರು. ನನಗೆ ಸಾರವೆಗಿಂತ ಬಳ್ಳಿ ಇಷ್ಟ. ಗೋಡೆ ತಾನಾಗಿ ಬೆಳೆಯುವುದಿಲ್ಲ.

ಆದರೆ ಬಳ್ಳಿ ಮಾತಾಡುವುದಿಲ್ಲ, ಮಕ್ಕಳು ಮಾತಾಡುತ್ತಾರೆ. ಅದಕ್ಕೆ ಸಮಾಜ ವಿಜ್ಞಾನದ ಪಾಠದಲ್ಲಿ ನಾನು ಯಕ್ಷಗಾನದ ಭಾಗವತರನ್ನು ನೆನೆಯುತ್ತೇನೆ. ಹೊನ್ನಾವರದ ಕಡೆಯ ಆಟ ನೋಡಿದವರಿಗೆ ಗೊತ್ತು: ಪದ್ಯ ಭಾಗವತರದು, ಕಥೆ ನಡೆಸುವವರೂ ಅವರೇ. ಅರ್ಥ ಹೇಳುವುದು ಮಾತ್ರ ವೇಷಧಾರಿ, ಅದೂ ಆಗಲೇ ಕಟ್ಟಿದ ಮಾತಿನಲ್ಲಿ. ಭಾಗವತರು ಕೇಳಿಸಿಕೊಂಡು ಮುಂದಿನ ಪದ್ಯ ಎತ್ತುತ್ತಾರೆ. ಹಾಗೆ ಪಾಠ ಮಾಡಿದ ದಿನ ನನ್ನ ಮಾತು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಅಂದ ಹಾಗೆ, ಆ ಹುಡುಗಿಗೆ ನಾನು ಕೊಟ್ಟ ಕಟ್ಟು ಒಂದೇ ಉದ್ದದ ಎರಡು ಕಾಗದದ ಪಟ್ಟಿ. ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಸಮಭಾಗವಾಗಿ ಮಡಚಿ ಪಕ್ಕಪಕ್ಕ ಇಟ್ಟು ನೋಡಿದಳು. ಮರುದಿನವೂ ಪಟ್ಟಿ ಬೇಕೆಂದಳು. ಮೂರನೇ ದಿನ ಕೇಳಲಿಲ್ಲ.